ಮೂವತ್ತು ಕಿಲೋಮೀಟರ್‌ನ ಬೇಲಿ: ಸ್ಟೆಫಾನಿಯಾ ಬೆಲ್ಮಾಂಡೊ ಓಡಿದ ಹಾದಿ

1992ರ ಫೆಬ್ರುವರಿಯಲ್ಲಿ ಫ್ರಾನ್ಸಿನ ಆಲ್ಬರ್‌ವಿಲ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮಹಿಳೆಯರು ಮೊದಲ ಬಾರಿಗೆ 30 ಕಿ.ಮೀ. ಕ್ರಾಸ್‌ಕಂಟ್ರಿ ಸ್ಕೀ ಓಟಕ್ಕೆ, ಅಂದರೆ ಏರುತಗ್ಗಿನ ಹಿಮದ ಹಾದಿಯಲ್ಲಿ ಸ್ಕೀ ಪಟ್ಟಿ ಮತ್ತು ಕೋಲುಗಳ ಬಲದಿಂದ ಸಾಗುವ ಸ್ಪರ್ಧೆಗೆ, ಇಳಿದರು. ಗೆದ್ದವರು ಇಟಲಿಯ 23 ವರ್ಷದ ಸ್ಟೆಫಾನಿಯಾ ಬೆಲ್ಮಾಂಡೊ. ಆಗ ಈ ಕ್ರೀಡೆಯನ್ನು ಆಳುತ್ತಿದ್ದ ಲ್ಯುಬೋವ್ ಯೆಗೊರೊವಾ ಮತ್ತು ಯೆಲೆನಾ ವ್ಯಾಲ್ಬೆ ಇಬ್ಬರೂ ಬೆಲ್ಮಾಂಡೊಗಿಂತ ಹಿಂದೆ ಉಳಿದರು. ಬೆಲ್ಮಾಂಡೊ ಮುಂದೆ ಒಟ್ಟು ಹತ್ತು ಒಲಿಂಪಿಕ್ ಪದಕಗಳನ್ನು ಗಳಿಸಿದರು. ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಆ ಎಣಿಕೆಯಿಂದಲೇ ಶುರು ಮಾಡುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆ ಮೂವತ್ತು ಕಿಲೋಮೀಟರ್. ಹೆಣ್ಣುಮಕ್ಕಳಿಗೆ ಅಷ್ಟು ದೂರ ಸಿಕ್ಕಲು ನಲವತ್ತು ವರ್ಷ ಹಿಡಿದಿತ್ತು.

ಪುರುಷರ 50 ಕಿ.ಮೀ. ಓಟ 1924ರ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಲ್ಲೇ ಇತ್ತು. ಮಹಿಳೆಯರಿಗೆ ಕ್ರಾಸ್‌ಕಂಟ್ರಿಯ ಬಾಗಿಲು ತೆರೆದದ್ದು 1952ರಲ್ಲಿ, ಓಸ್ಲೋದಲ್ಲಿ, ಒಂದೇ ಒಂದು 10 ಕಿ.ಮೀ. ಸ್ಪರ್ಧೆಯೊಂದಿಗೆ. 1956ರಲ್ಲಿ ತಲಾ ಐದು ಕಿ.ಮೀ.ನಂತೆ ಮೂವರ ರಿಲೇ ಬಂತು. 1964ರಲ್ಲಿ ಸೇರಿಸಿದ ಹೊಸ ವೈಯಕ್ತಿಕ ಓಟ ಇನ್ನೂ ಚಿಕ್ಕದು, 5 ಕಿ.ಮೀ. ಹೆಣ್ಣಿನ ದೇಹ ದೀರ್ಘ ದೂರವನ್ನು ತಾಳಲಾರದು ಎಂಬ ನಂಬಿಕೆ ಆ ಕಾಲದ ಕ್ರೀಡಾ ಆಡಳಿತದಲ್ಲಿ ಬೇರೂರಿತ್ತು. ಅಥ್ಲೆಟಿಕ್ಸ್‌ನಲ್ಲೂ 1928ರ ನಂತರ ಮಹಿಳೆಯರ 800 ಮೀಟರ್ ಓಟವನ್ನು ತೆಗೆದುಹಾಕಿ 1960ರವರೆಗೆ ಮರಳಿ ತರಲಿಲ್ಲ. ಸ್ಕೀಯಿಂಗ್‌ನಲ್ಲಿ 20 ಕಿ.ಮೀ. ಬಂದದ್ದು 1984ರ ಸರಾಯೆವೊದಲ್ಲಿ. ಫಿನ್ಲೆಂಡಿನ ಮರ್ಯಾ-ಲೀಸಾ ಹಮಲೈನೆನ್ ಅಲ್ಲಿ 5, 10, 20 ಕಿ.ಮೀ. ಮೂರನ್ನೂ ಗೆದ್ದರು. ತಾಳಲಾರರು ಎಂಬ ವಾದಕ್ಕೆ ಅಷ್ಟು ಉತ್ತರ ಸಾಕಿತ್ತು. ಆದರೂ ಮುಂದಿನ ಹೆಜ್ಜೆಗೆ ಮತ್ತೆ ಎಂಟು ವರ್ಷ ಬೇಕಾಯಿತು.

ಬೆಲ್ಮಾಂಡೊ ಹುಟ್ಟಿದ್ದು 1969ರ ಜನವರಿಯಲ್ಲಿ, ಫ್ರಾನ್ಸಿನ ಗಡಿಗೆ ಹತ್ತಿರದ ಕೂನಿಯೊ ಪ್ರಾಂತ್ಯದ ವಿನಾದಿಯೊ ಎಂಬ ಆಲ್ಪ್ಸ್ ಕಣಿವೆಯ ಊರಿನಲ್ಲಿ. ಪುಟ್ಟ ಮೈಕಟ್ಟಿನವರು. 1988ರ ಕ್ಯಾಲ್ಗರಿಯಲ್ಲಿ ಹತ್ತೊಂಬತ್ತರ ವಯಸ್ಸಿಗೆ ಮೊದಲ ಒಲಿಂಪಿಕ್ಸ್ ಕಂಡರು. ಇಟಲಿಯ ಅನೇಕ ಚಳಿಗಾಲದ ಆಟಗಾರರು ಪೊಲೀಸ್, ಸೇನೆಯಂಥ ಸರ್ಕಾರಿ ಪಡೆಗಳ ನೌಕರಿಯಲ್ಲಿದ್ದುಕೊಂಡು ತರಬೇತಿ ಪಡೆಯುತ್ತಾರೆ. ಇವರು ಅರಣ್ಯ ಪಡೆಯಲ್ಲಿದ್ದರು. ಪ್ರಾಯೋಜಕರ ಹಣ ಹೆಚ್ಚಿಲ್ಲದ ಆಟದಲ್ಲಿ ಇಷ್ಟು ದೀರ್ಘ ವೃತ್ತಿಜೀವನ ನಡೆಸಲು ಅಂಥ ಸಂಬಳದ ಆಸರೆ ದೊಡ್ಡದು.

1993ರ ಫಾಲುನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಲ್ಮಾಂಡೊ ಎರಡು ಚಿನ್ನ ಗೆದ್ದರು, ಅದರಲ್ಲೊಂದು 30 ಕಿ.ಮೀ.ನದು. ಅದೇ ವರ್ಷ ಕಾಲಿನ ಹೆಬ್ಬೆರಳು ಕೈಕೊಟ್ಟಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಸ್ಕೀ ಓಟಗಾರರ ಬೂಟು ಸ್ಕೀ ಪಟ್ಟಿಗೆ ಅಂಟಿಕೊಂಡಿರುವುದು ಕಾಲ್ಬೆರಳಿನ ತುದಿಯಲ್ಲಿ ಮಾತ್ರ, ಹಿಮ್ಮಡಿ ಪ್ರತಿ ಹೆಜ್ಜೆಗೂ ಮೇಲೇಳುತ್ತದೆ. ಹಾಗಾಗಿ ನೂಕುಬಲವೆಲ್ಲ ಕೊನೆಗೆ ಬೆರಳುಗಳ ಬುಡಕ್ಕೇ ಬಂದು ಬೀಳುತ್ತದೆ. ಅಲ್ಲೇ ನೋವಿದ್ದರೆ ಓಟಗಾರ್ತಿಗೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಅಂಥ ಕಾಲಿನಲ್ಲಿ 1994ರ ಲಿಲ್ಲೆಹ್ಯಾಮರ್‌ಗೆ ಹೋಗಿ ಎರಡು ಕಂಚು ತಂದರು. ಆ ಕೂಟ ಮಾತ್ರ ಸಂಪೂರ್ಣವಾಗಿ ಅವರ ಸಹ ಆಟಗಾರ್ತಿ ಮನುಯೆಲಾ ದಿ ಚೆಂತಾ ಅವರದು: ಐದು ಸ್ಪರ್ಧೆಗಳಲ್ಲಿ ಐದು ಪದಕ, 30 ಕಿ.ಮೀ. ಚಿನ್ನವೂ ಸೇರಿ.

1997ರ ಟ್ರೊಂಡ್‌ಹೈಮ್ ವಿಶ್ವ ಚಾಂಪಿಯನ್‌ಷಿಪ್ ನನ್ನನ್ನು ಹೆಚ್ಚು ಕಾಡುತ್ತದೆ. ನಾಲ್ಕು ವೈಯಕ್ತಿಕ ಓಟಗಳು, ನಾಲ್ಕು ಬೆಳ್ಳಿ. ನಾಲ್ಕರಲ್ಲೂ ಮುಂದಿದ್ದವರು ರಷ್ಯಾದ ವ್ಯಾಲ್ಬೆ. ಒಂದರಲ್ಲಿ ಗೆದ್ದವರು ಯಾರೆಂದು ಗುರಿರೇಖೆಯ ಚಿತ್ರ ನೋಡಿಯೇ ನಿರ್ಧರಿಸಬೇಕಾಯಿತು. ಮರುವರ್ಷ ನಗಾನೊದ 30 ಕಿ.ಮೀ.ನಲ್ಲೂ ಬೆಳ್ಳಿಯೇ. ಇಂಥ ಸರಣಿಯ ನಂತರ ಬೇರೆ ಯಾರಾದರೂ ಸ್ಕೀ ಕಳಚಿಡುತ್ತಿದ್ದರೇನೋ. ಬೆಲ್ಮಾಂಡೊ 1999ರಲ್ಲಿ ರಾಮ್ಸೌನಲ್ಲಿ ಮತ್ತೆರಡು ವಿಶ್ವ ಚಿನ್ನ ಗೆದ್ದರು.

2002ರ ಫೆಬ್ರುವರಿ 9, ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಮೊದಲ ಚಿನ್ನ ನಿರ್ಧಾರವಾದ ದಿನ. 15 ಕಿ.ಮೀ. ಓಟದಲ್ಲಿ ಎಲ್ಲರೂ ಒಟ್ಟಿಗೇ ಹೊರಡುತ್ತಾರೆ. ಮೂರನೇ ಎರಡು ಭಾಗ ಮುಗಿದ ಮೇಲೆ, ಮುಂಚೂಣಿಯಲ್ಲಿದ್ದ ಬೆಲ್ಮಾಂಡೊ ಅವರ ಒಂದು ಕೋಲು ಮುರಿಯಿತು. ಏರಿನಲ್ಲಿ ತೋಳುಗಳ ಬಲವನ್ನು ಹಿಮಕ್ಕೆ ದಾಟಿಸುವುದು ಆ ಕೋಲುಗಳೇ. ಒಂದೇ ಕೋಲಿನಲ್ಲಿ ಸಾಗುತ್ತ ಹಿಂದೆ ಬಿದ್ದರು. ಹೊಸ ಕೋಲು ಕೈಗೆ ಬಂದ ಮೇಲೆ ಒಬ್ಬೊಬ್ಬರನ್ನೇ ದಾಟಿ, ಕೊನೆಯಲ್ಲಿ ರಷ್ಯಾದ ಲರಿಸಾ ಲಜುತಿನಾ ಅವರನ್ನೂ ಹಿಂದಿಕ್ಕಿ ಗೆದ್ದರು. ಮೊದಲ ಒಲಿಂಪಿಕ್ ಚಿನ್ನಕ್ಕೂ ಇದಕ್ಕೂ ನಡುವೆ ಹತ್ತು ವರ್ಷ.

ಅದೇ ಕೂಟದಲ್ಲಿ ಲಜುತಿನಾ ಮತ್ತು ಅವರ ದೇಶದವರೇ ಆದ ಓಲ್ಗಾ ದನಿಲೊವಾ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೆಂಪು ರಕ್ತಕಣ ಹೆಚ್ಚಿಸುವ ಡಾರ್ಬೆಪೊಯೆಟಿನ್ ಅವರ ಮಾದರಿಯಲ್ಲಿ ಪತ್ತೆಯಾಗಿತ್ತು. 30 ಕಿ.ಮೀ.ನಲ್ಲಿ ಮೊದಲು ಗುರಿ ಮುಟ್ಟಿದ್ದ ಲಜುತಿನಾ ಅನರ್ಹರಾದಾಗ ಚಿನ್ನ ಇಟಲಿಯ ಗಬ್ರಿಯೆಲಾ ಪರುತ್ಸಿ ಅವರಿಗೂ ಬೆಳ್ಳಿ ಬೆಲ್ಮಾಂಡೊ ಅವರಿಗೂ ಬಂತು. 10 ಕಿ.ಮೀ.ನಲ್ಲಿ ಮುಂದಿದ್ದ ದನಿಲೊವಾ ಅನರ್ಹರಾದ್ದರಿಂದ, ನಾಲ್ಕನೆಯವರಾಗಿದ್ದ ಬೆಲ್ಮಾಂಡೊ ಅವರ ಪಾಲಿಗೆ ಬಂದ ಕಂಚು ಕಾನೂನು ಹೋರಾಟ ಮುಗಿದ ಬಳಿಕ, 2004ರಲ್ಲಿ ಅಧಿಕೃತವಾಯಿತು. ಅಷ್ಟರಲ್ಲಿ ಅವರು ಸ್ಪರ್ಧೆಯಿಂದ ನಿವೃತ್ತರಾಗಿದ್ದರು. ಪದಕ ಬಂದರೂ ವೇದಿಕೆಯ ಮೇಲೆ ನಿಲ್ಲುವ ಆ ಗಳಿಗೆ ಬರುವುದಿಲ್ಲ. ಈ ಅನ್ಯಾಯಕ್ಕೆ ಪರಿಹಾರವೇ ಇಲ್ಲ ಎಂದು ನನ್ನ ಭಾವನೆ. 2006ರ ಟುರಿನ್ ಒಲಿಂಪಿಕ್ಸ್‌ನ ಜ್ಯೋತಿ ಬೆಳಗುವ ಗೌರವವನ್ನು ಇಟಲಿ ಅವರಿಗೇ ಕೊಟ್ಟಿತು.

1992ರಿಂದ 2002ರವರೆಗೆ ನಡೆದ ನಾಲ್ಕು ಒಲಿಂಪಿಕ್ 30 ಕಿ.ಮೀ. ಓಟಗಳಲ್ಲಿ ಮೂರು ಚಿನ್ನ ಇಟಲಿಯ ಮಹಿಳೆಯರ ಪಾಲಾಯಿತು. ಬೆಲ್ಮಾಂಡೊ ಒಬ್ಬರಿಗೇ ಒಂದು ಚಿನ್ನ, ಎರಡು ಬೆಳ್ಳಿ. ದೂರ ಹೆಚ್ಚಿದಷ್ಟೂ ಅವರ ಕೈ ಮೇಲಾಗುತ್ತಿತ್ತು. ಪುರುಷರಿಗಿದ್ದ 50 ಕಿ.ಮೀ. ಅವರಿಗೂ ಇದ್ದಿದ್ದರೆ ಹಣೆಬರಹ ಬೇರೆಯೇ ಆಗುತ್ತಿತ್ತು ಎಂದು ನಾನು ದೃಢವಾಗಿ ನಂಬುತ್ತೇನೆ. ಅದು ಅವರ ಕಾಲಕ್ಕೆ ಬರಲಿಲ್ಲ. ಮೂವತ್ತರ ಬೇಲಿ 2022ರ ಬೀಜಿಂಗ್‌ವರೆಗೂ ಹಾಗೇ ಉಳಿಯಿತು.

ಆ ವರ್ಷ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ವಿಶ್ವಕಪ್‌ನಲ್ಲಿ ಪುರುಷರು, ಮಹಿಳೆಯರು ಇಬ್ಬರಿಗೂ ಸಮಾನ ದೂರ ಎಂದು ತೀರ್ಮಾನಿಸಿತು. 2023ರ ಮಾರ್ಚ್‌ನಲ್ಲಿ ನಾರ್ವೆಯ ಹೋಲ್ಮೆನ್‌ಕೊಲೆನ್‌ನಲ್ಲಿ ಮಹಿಳೆಯರು 50 ಕಿ.ಮೀ. ಓಡಿದರು. 2026ರ ಮಿಲಾನೊ-ಕೊರ್ಟಿನಾ ಒಲಿಂಪಿಕ್ಸ್‌ನ ಪಟ್ಟಿಗೂ ಅದು ಸೇರಿತು, ಬೆಲ್ಮಾಂಡೊ ಅವರ ದೇಶದಲ್ಲೇ. ಇದನ್ನು ಪೂರ್ಣ ಗೆಲುವು ಎನ್ನಲು ನನಗೆ ಮನಸ್ಸಿಲ್ಲ. 50 ಕಿ.ಮೀ. ಓಟದಲ್ಲಿ ಮಹಿಳೆಯರನ್ನು ಪುರುಷರ ಮಟ್ಟಕ್ಕೆ ಏರಿಸಿದರು, ಸರಿ. ಆದರೆ ರಿಲೇಯಲ್ಲಿ ಪುರುಷರ ಹತ್ತು ಮತ್ತು ಮಹಿಳೆಯರ ಐದು ಕಿ.ಮೀ.ಗಳ ನಡುವೆ ಏಳೂವರೆಗೆ ರಾಜಿಯಾಯಿತು. ಒಬ್ಬೊಬ್ಬರಾಗಿ ಹೊರಡುವ ಓಟದಲ್ಲಂತೂ ಪುರುಷರ ಹದಿನೈದನ್ನೇ ಹತ್ತಕ್ಕೆ ಇಳಿಸಿದರು. ಹದಿನೈದು ಕಿ.ಮೀ. ಓಡಿ ಒಲಿಂಪಿಕ್ ಚಿನ್ನ ಗೆದ್ದ ಮಹಿಳೆಯರು ಇರುವಾಗ ಅವರನ್ನೇ ಹದಿನೈದಕ್ಕೆ ಏರಿಸಬಹುದಿತ್ತು.