ಲಿಮಿಟಿಂಗ್ ಅಮೈನೊ ಆಮ್ಲ: ಮೀನಿನ ಬೆಳವಣಿಗೆ ಎಲ್ಲಿ ನಿಲ್ಲುತ್ತದೆ?

ಫೀಡ್ ಚೀಲದ ಮೇಲೆ ‘ಪ್ರೊಟೀನ್ 28%’ ಎಂದಿರುತ್ತದೆ. ನಾವು ಅದನ್ನೇ ನೋಡಿ ಕೊಳ್ಳುತ್ತೇವೆ. ಮೀನು ಮಾತ್ರ ಆ ಪ್ರೊಟೀನನ್ನು ಕರುಳಲ್ಲಿ ಬಿಡಿಸಿ, ಅಮೈನೊ ಆಮ್ಲಗಳಾಗಿ ಮಾಡಿಕೊಂಡ ಮೇಲೆಯೇ ಮೈಗೆ ಬಳಸುತ್ತದೆ. ಲೈಸಿನ್, ಮೆಥಿಯೊನಿನ್, ಅರ್ಜಿನಿನ್ ಸೇರಿ ಹತ್ತು ಅಮೈನೊ ಆಮ್ಲಗಳು ಅದಕ್ಕೆ ತಿನ್ನುವ ಆಹಾರದಿಂದಲೇ ಬರಬೇಕು. ಬೇಕಾದ ಅಳತೆಗೆ ಹೋಲಿಸಿದರೆ ಈ ಹತ್ತರಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆ ಬಿದ್ದಿದೆಯೋ ಅದೇ ಲಿಮಿಟಿಂಗ್ ಅಮೈನೊ ಆಮ್ಲ. ಕನ್ನಡದಲ್ಲಿ ‘ಮಿತಿ ಹಾಕುವ ಅಮೈನೊ ಆಮ್ಲ’ ಅನ್ನಬಹುದು.

ಮಂಚಕ್ಕೆ ನಾಲ್ಕು ಕಾಲು ಬೇಕು, ಅಲ್ವಾ? ಬಡಗಿಯ ಹತ್ತಿರ ಎಂಟೇ ಕಾಲಿದ್ದರೆ, ಹಲಗೆ ರಾಶಿ ಬಿದ್ದಿದ್ದರೂ ಆಗುವುದು ಎರಡೇ ಮಂಚ. ಮಿಕ್ಕ ಹಲಗೆ ಒಲೆಗೆ. ಮೀನಿನ ಮೈಯಲ್ಲೂ ಹಾಗೇ. ಜಾಸ್ತಿಯಾದ ಅಮೈನೊ ಆಮ್ಲವನ್ನು ಅದು ಕೂಡಿಡಲಾರದು. ಉರಿಸಿ ಶಕ್ತಿ ಮಾಡಿಕೊಳ್ಳುತ್ತದೆ. ಉಳಿದ ಸಾರಜನಕ ಬಹುಪಾಲು ಅಮೋನಿಯಾ ಆಗಿ ಕಿವಿರಿನಿಂದ ನೀರಿಗೆ ಹೋಗುತ್ತದೆ. ದುಡ್ಡು ಕೊಟ್ಟು ತಂದ ಪ್ರೊಟೀನು ಹೊಂಡದ ನೀರು ಕೆಡಿಸುತ್ತದೆ!

ಸಾಮಾನ್ಯ ಗೆಂಡೆ ಮೀನಿನ (ಕಾಮನ್ ಕಾರ್ಪ್) ಲೆಕ್ಕ ನೋಡಿ. ಅದು ತಿನ್ನುವ 100 ಗ್ರಾಂ ಪ್ರೊಟೀನಿನಲ್ಲಿ ಸುಮಾರು 5.7 ಗ್ರಾಂ ಲೈಸಿನ್ ಇರಬೇಕು. ಶೇಂಗಾ ಹಿಂಡಿಯ ಪ್ರೊಟೀನಿನಲ್ಲಿ ಇರುವುದು ಹೆಚ್ಚುಕಡಿಮೆ 3.5 ಗ್ರಾಂ. ಬರೀ ಹಿಂಡಿ ಎಷ್ಟು ಸುರಿದರೂ ಲೈಸಿನ್ ಅಲ್ಲಿಗೇ ತಡೆ ಹಾಕುತ್ತದೆ. ಸೋಯಾ ಹಿಂಡಿಯಲ್ಲಿ ಲೈಸಿನ್ ಸಾಕಷ್ಟಿದೆ, ಆದರೆ ಮೆಥಿಯೊನಿನ್ ಕಡಿಮೆ. ಮೀನಿನ ಪುಡಿಯಲ್ಲಿ ಎರಡೂ ಚೆನ್ನಾಗಿವೆ. ಬೆಲೆ ಮಾತ್ರ ಕೇಳಬೇಡಿ.

ಹಾಗಾದರೆ ಹಿಂಡಿ, ಅಕ್ಕಿ ತೌಡು ಹಾಕಿಯೇ ನಮ್ಮವರು ಕಾಟ್ಲಾ, ರೋಹು ಬೆಳೆಸುತ್ತಾ ಬಂದಿದ್ದು ಹೇಗೆ? ಸಗಣಿ ಗೊಬ್ಬರ ಬಿದ್ದ ಹೊಂಡದ ನೀರಲ್ಲಿ ಸಣ್ಣ ಜೀವಿಗಳು ಹುಟ್ಟುತ್ತವೆ. ಅವುಗಳ ಪ್ರೊಟೀನು ಒಳ್ಳೆಯದು, ಹಿಂಡಿಯ ಕೊರತೆಯನ್ನು ಅದು ಸದ್ದಿಲ್ಲದೆ ತುಂಬುತ್ತದೆ. ಆದರೆ ಜಲಾಶಯದಲ್ಲಿ ಬಲೆಯ ಪಂಜರ ಕಟ್ಟಿ ಸಾಕಿದರೆ ಮೀನು ಒತ್ತಾಗಿ ಇರುತ್ತದೆ. ಅಲ್ಲಿ ನಾವು ಹಾಕಿದ್ದೇ ಊಟ. ಚೀಲದ ಶೇಕಡಾವಾರು ಕೈಕೊಡುವುದು ಅಲ್ಲೇ. ನನ್ನನ್ನು ಕೇಳಿದರೆ, ಪಂಜರಕ್ಕೆ ಫೀಡ್ ಕೊಳ್ಳುವವರು ಲೈಸಿನ್, ಮೆಥಿಯೊನಿನ್ ಎಷ್ಟಿದೆ ಅಂತಲೂ ಕೇಳಬೇಕು.

ಕೊರತೆ ಇದ್ದರೆ ಸುಮ್ನೆ ಲೈಸಿನ್ ಪುಡಿ ಬೆರೆಸಿದರಾಯಿತು ಅನ್ನಿಸಬಹುದು. ಸ್ವಲ್ಪ ಪುಡಿ ನೀರಲ್ಲೇ ಕರಗಿಹೋಗುತ್ತದೆ. ಸಾಲದ್ದಕ್ಕೆ ಗೆಂಡೆಗೆ ಜಠರವೇ ಇಲ್ಲ. ತಿಂದದ್ದು ನೇರ ಕರುಳಿಗೆ. ಪುಡಿಯ ಲೈಸಿನ್ ಬೇಗ ರಕ್ತ ಸೇರುತ್ತದೆ, ಹಿಂಡಿಯದು ಜೀರ್ಣವಾಗಿ ನಿಧಾನಕ್ಕೆ ಬರುತ್ತದೆ. ಮಂಚದ ಕಾಲು ಬೆಳಿಗ್ಗೆ ಬಂದು, ಹಲಗೆ ಸಂಜೆ ಬಂದ ಹಾಗೆ. ಅದಕ್ಕೇ ಪುಡಿ ಬೆರೆಸಿದ ಫೀಡನ್ನು ದಿನಕ್ಕೆ ಒಂದೇ ಸಲ ಸುರಿಯದೆ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಹಾಕುವುದು.