ಬಾದಾಮಿಯಲ್ಲಿ ತೆಗೆದದ್ದೆಲ್ಲ ಬಾದಾಮಿಯ ಸಿನಿಮಾ ಅಲ್ಲ

ಓದುಗರ ಪ್ರಶ್ನೆ: ಸರ್, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಕತೆ ಇರುವ ಒಳ್ಳೆಯ ಸಿನಿಮಾಗಳು ಯಾವುವು? ಹುಡುಕಿದರೆ ಬರೀ ಬಾದಾಮಿಯಲ್ಲಿ ತೆಗೆದ ಹಾಡುಗಳ ಪಟ್ಟಿಯೇ ಸಿಗುತ್ತದೆ.

ಉತ್ತರ: ಇದೇ ಪ್ರಶ್ನೆಗೆ ಮೊದಲೂ ಉತ್ತರಿಸಿದ್ದೇನೆ, ಮುಂದೆಯೂ ಉತ್ತರಿಸಬೇಕಾಗುತ್ತದೆ ಎಂಬುದೂ ಗೊತ್ತು. ಕೇಳುವವರಲ್ಲಿ ಹೆಚ್ಚಿನವರು ತಾವೇ ಮಾಡಿಕೊಂಡ ಒಂದು ಪಟ್ಟಿಯನ್ನೂ ಜೊತೆಗಿಟ್ಟು, ‘ಇದಕ್ಕೆ ಇನ್ನಷ್ಟು ಸೇರಿಸಿ ಕೊಡಿ’ ಎನ್ನುತ್ತಾರೆ. ಸೇರಿಸುವುದಕ್ಕಿಂತ ಮೊದಲು ಅದರಲ್ಲಿ ಅಳಿಸಬೇಕಾದದ್ದೇ ಬಹಳ ಇರುತ್ತದೆ. ಕ್ಯಾಮೆರಾ ಬಂದು ನಿಂತ ಊರೇ ಕತೆಯ ಊರು ಎಂಬ ನಂಬಿಕೆ ನಮ್ಮ ಜನರಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಎಷ್ಟು ಸಲ ಕಿತ್ತು ಹಾಕಿದರೂ ಅದು ಮತ್ತೆ ಚಿಗುರುತ್ತದೆ.

ಬಾದಾಮಿಯನ್ನೇ ತೆಗೆದುಕೊಳ್ಳಿ. ಅಗಸ್ತ್ಯ ತೀರ್ಥದ ಪಶ್ಚಿಮ ದಂಡೆಯ ಮೆಟ್ಟಿಲ ಮೇಲೆ ನಿಂತರೆ ಎದುರಿಗೆ ನೀರಿನಂಚಿನಲ್ಲಿ ಭೂತನಾಥನ ಗುಡಿ, ಎರಡೂ ಬದಿಗೆ ಕೆಂಪು ಬಂಡೆಯ ಗುಡ್ಡ, ಕಾಲ ಬುಡದಲ್ಲಿ ಬಟ್ಟೆ ಒಗೆಯುವ ಹೆಣ್ಣುಮಕ್ಕಳು. ಇಂಥ ಜಾಗವನ್ನು ಛಾಯಾಗ್ರಾಹಕರು ಬಿಟ್ಟಾರೆಯೇ? ಮಣಿರತ್ನಂ ಅವರ ‘ಗುರು’ (2007) ಚಿತ್ರದ ಕೆಲವು ದೃಶ್ಯಗಳನ್ನು ಇಲ್ಲಿಯೇ ತೆಗೆದರು. ಆದರೆ ಅದು ಗುಜರಾತಿನ ಹಳ್ಳಿಯ ಹುಡುಗನೊಬ್ಬ ಮುಂಬಯಿಗೆ ಹೋಗಿ ದೊಡ್ಡ ಉದ್ಯಮಿಯಾಗುವ ಕತೆ; ಅದರಲ್ಲಿ ಬಾದಾಮಿಗೆ ಬಾದಾಮಿಯಾಗಿ ಪಾತ್ರವೇ ಇಲ್ಲ. ಇಷ್ಟು ಹೇಳಿದರೂ ‘ಅಲ್ರೀ ಸರ್, ಗುಡಿ ಕಾಣಸ್ತದಲ್ಲ’ ಎನ್ನುವವರಿದ್ದಾರೆ. ಗುಡಿ ಕಾಣಿಸುತ್ತದೆ, ನಿಜ. ರಾಮನಗರದ ಬಂಡೆಗಳೂ ‘ಶೋಲೆ’ (1975) ಚಿತ್ರದ ತುಂಬ ಕಾಣಿಸುತ್ತವೆ. ಹಾಗೆಂದು ಗಬ್ಬರ್ ಸಿಂಗನನ್ನು ರಾಮನಗರದವನೆಂದು ಯಾರೂ ಹೇಳುವುದಿಲ್ಲವಲ್ಲ.

ಇದನ್ನು ತಿರುಗಿಸಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ (1961) ಚಿತ್ರದಲ್ಲಿ ಬಿ. ಸರೋಜಾದೇವಿ ಓಡಾಡುವ ಅರಮನೆ ಕಿತ್ತೂರಿನದಲ್ಲ, ಆಗಿರಲಿಕ್ಕೂ ಸಾಧ್ಯವಿರಲಿಲ್ಲ. ಕಿತ್ತೂರಿಗೆ ಹೋದವರೆಲ್ಲ ನೋಡಿರುವಂತೆ, ಅಲ್ಲಿ ಉಳಿದಿರುವುದು ಮುರಿದ ಗೋಡೆಗಳು ಮಾತ್ರ. ಆದ್ದರಿಂದ ರಾಣಿಯ ದರ್ಬಾರನ್ನು ತೋರಿಸಬೇಕೆಂದರೆ ಬೇರೆಡೆ ಸೆಟ್ ಹಾಕಲೇಬೇಕು. ಹೀಗಿದ್ದೂ 1824ರಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಸೈನ್ಯವನ್ನು ಎದುರಿಸಿದ ಸಂಸ್ಥಾನದ ಕತೆ ಅದು. ಒಂದೇ ಒಂದು ಅಡಿ ರೀಲನ್ನು ಇಲ್ಲಿ ತೆಗೆದಿರದಿದ್ದರೂ ಅದು ಬೆಳಗಾವಿ ಜಿಲ್ಲೆಯ ಸಿನಿಮಾವೇ. ‘ಸಂಗೊಳ್ಳಿ ರಾಯಣ್ಣ’ (2012) ಚಿತ್ರಕ್ಕೂ, ಡಾ. ರಾಜ್ ಅಭಿನಯದ ‘ಇಮ್ಮಡಿ ಪುಲಿಕೇಶಿ’ (1967) ಚಿತ್ರಕ್ಕೂ ಇದೇ ಮಾತು ಸಲ್ಲುತ್ತದೆ.

ಈ ತಪ್ಪಿಗೆ ಒಬ್ಬ ತಮ್ಮನೂ ಇದ್ದಾನೆ. ವಿಷಯ ನಮ್ಮದಾದರೆ ಸಿನಿಮಾವೂ ನಮ್ಮದು ಎಂದುಕೊಂಡು, ಗಿರೀಶ ಕಾಸರವಳ್ಳಿಯವರ ‘ದ್ವೀಪ’ (2002) ಚಿತ್ರವನ್ನು ಬಾಗಲಕೋಟೆಯ ಮುಳುಗಡೆಯ ಕತೆಯೆಂದು ಪಟ್ಟಿಗೆ ಸೇರಿಸುವವರಿದ್ದಾರೆ. ಆಣೆಕಟ್ಟಿನ ನೀರು ಏರುವುದು, ಪರಿಹಾರದ ಹಣ ತೆಗೆದುಕೊಂಡು ಜನ ಒಬ್ಬೊಬ್ಬರಾಗಿ ಎದ್ದು ಹೋಗುವುದು ಎಲ್ಲವೂ ಅದರಲ್ಲಿದೆ. ಆದರೆ ಅದು ನಾ. ಡಿಸೋಜ ಅವರ ಕತೆ, ಮಲೆನಾಡಿನ ಜಡಿಮಳೆ. ಆಲಮಟ್ಟಿಯ ಹಿನ್ನೀರು ಬಂದದ್ದು ಎರೆಹೊಲಕ್ಕೆ, ಅಂಗಡಿ ಸಾಲಿಗೆ, ಬಿಸಿಲಿನ ಪೇಟೆಗೆ. ಹಳೆ ಬಾಗಲಕೋಟೆ ಬಿಟ್ಟು ನವನಗರಕ್ಕೆ ಬಂದವರು ‘ದ್ವೀಪ’ ನೋಡಿ ಕಣ್ಣೀರು ಹಾಕಬಹುದು, ಹಾಕಿದ್ದಾರೆ ಕೂಡ. ಆದರೂ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಹಾಗಾದರೆ ಹುಡುಕುವುದು ಹೇಗೆ? ಊರಿನ ಹೆಸರು ಟೈಪ್ ಮಾಡುವುದನ್ನು ಬಿಟ್ಟು, ಕತೆ ಬರೆದವರ ಹೆಸರು ಹಿಡಿದು ಹೊರಡಿ. ರಂ.ಶಾ. ಲೋಕಾಪುರ ಅವರ ಕಾದಂಬರಿಯಿಂದ ಕಾಸರವಳ್ಳಿಯವರು ಮಾಡಿದ ‘ತಾಯಿ ಸಾಹೇಬ’ (1997) ಹಾಗೆ ಸಿಗುತ್ತದೆ. ಸ್ವಾತಂತ್ರ್ಯದ ಆಚೀಚಿನ ಮುಂಬಯಿ ಕರ್ನಾಟಕದ ವಾಡೆಯೊಂದರ ಒಳಗನ್ನು ಅಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಚಿತ್ರವನ್ನು ನಾನು ನೋಡಿಲ್ಲ. ಆ ವರ್ಷದ ಅತ್ಯುತ್ತಮ ಕಥಾಚಿತ್ರಕ್ಕಿರುವ ರಾಷ್ಟ್ರ ಪ್ರಶಸ್ತಿಯೂ ಅದಕ್ಕೇ ಬಂತು. ಬೆಳಗಾವಿ ಜಿಲ್ಲೆಯ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು ತಾವೇ ನಿರ್ದೇಶಿಸಿದ ‘ಕಾಡು ಕುದುರೆ’ ಸಿಗುವುದೂ ಹೀಗೆಯೇ. ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರ ಪ್ರಶಸ್ತಿ ತಂದ ಅದರ ಹಾಡು ಎಲ್ಲರಿಗೂ ಬಾಯಿಪಾಠ, ಚಿತ್ರ ನೋಡಿದವರು ಮಾತ್ರ ವಿರಳ. ಬೈಲಹೊಂಗಲ ಸೀಮೆಯ ಸಣ್ಣಾಟ (ಜನಪದ ನಾಟಕ) ‘ಸಂಗ್ಯಾ ಬಾಳ್ಯಾ’ ಕೂಡ ಸಿನಿಮಾ ಆಗಿದೆ. ‘ಭೀಮಾ ತೀರದಲ್ಲಿ’ (2012) ವಿಜಯಪುರದ ಕಡೆಯದೇ ನಿಜ, ಆದರೆ ನೀವು ‘ಒಳ್ಳೆಯ’ ಎಂದು ಕೇಳಿದ್ದೀರಿ.

ಇನ್ನೊಂದು ಪರೀಕ್ಷೆ ಕಿವಿಯದು. ನಾಯಕ ಏನು ಮಾತಾಡುತ್ತಾನೆ ಎಂಬುದನ್ನು ಬದಿಗಿಟ್ಟು, ಚಹದಂಗಡಿಯವನೂ ಪೊಲೀಸ್ ಪೇದೆಯೂ ಏನು ಮಾತಾಡುತ್ತಾರೆಂದು ಗಮನಿಸಿ. ನಾಯಕ ಬೆಂಗಳೂರಿನ ಕನ್ನಡ ಆಡುತ್ತ, ನಗಿಸಲಿಕ್ಕೆಂದು ಬಂದವನೊಬ್ಬ ಮಾತ್ರ ನಮ್ಮ ಮಾತನ್ನು ಎಳೆದೆಳೆದು ಆಡುತ್ತಿದ್ದರೆ ಆ ಚಿತ್ರವನ್ನು ಅಲ್ಲಿಗೇ ಬಿಡಬಹುದು. ಆದರೆ ಕಿವಿಯೊಂದನ್ನೇ ನಂಬಿದರೂ ಆಗದು. ನಾಗಾಭರಣ ಅವರ ‘ನಾಗಮಂಡಲ’ (1997) ಅಚ್ಚ ಉತ್ತರ ಕರ್ನಾಟಕದ ಮಾತಿನಲ್ಲಿದ್ದರೂ ಅದು ಜನಪದ ಕತೆಯ ಊರು. ಯಾವ ತಾಲ್ಲೂಕಿಗೂ ಅದನ್ನು ಬರೆದುಕೊಡಲಾಗದು.

ನೀವು ಕೇಳದಿದ್ದರೂ ಮುಂದಿನ ಪ್ರಶ್ನೆ ನನಗೆ ಕಾಣುತ್ತಿದೆ: ಪಟ್ಟಿ ಇಷ್ಟು ಚಿಕ್ಕದೇಕೆ? 1956ರವರೆಗೆ ಈ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು, ಕನ್ನಡ ಸಿನಿಮಾ ಬೆಳೆದದ್ದು ಮದ್ರಾಸು, ಮೈಸೂರು, ಬೆಂಗಳೂರುಗಳಲ್ಲಿ. ಸೋಜಿಗವೆಂದರೆ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ತಯಾರಾದದ್ದು ನಮ್ಮ ಪಕ್ಕದ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಆದರೆ ಅದು ರಾಮಾಯಣದ ಕತೆ. ನಮ್ಮ ಕಡೆಯ ಪ್ರತಿಭೆಗಳು ಮುಂಬಯಿಯ ಹಾದಿ ಹಿಡಿದವು. ‘ಕಿಸ್ಮತ್’ (1943) ಚಿತ್ರದ ‘ಧೀರೇ ಧೀರೇ ಆರೇ ಬಾದಲ್’ ಹಾಡಿದ ಅಮೀರಬಾಯಿ ಕರ್ನಾಟಕಿ ಬೀಳಗಿಯವರು. ಅವರ ಅಕ್ಕ ಗೋಹರಬಾಯಿಯೂ ಹಾಡುವವರೇ. ಇಷ್ಟು ಓದಿದ ಮೇಲೆ ‘ಕಿಸ್ಮತ್’ ಬಾಗಲಕೋಟೆ ಜಿಲ್ಲೆಯ ಸಿನಿಮಾ ಎಂದು ಪಟ್ಟಿಗೆ ಸೇರಿಸಿ ಕಳಿಸಬೇಡಿ. ಇಲ್ಲಿಂದ ಹೋದ ಕಲಾವಿದರ ಪಟ್ಟಿ ಬೇರೆಯೇ ಇದೆ, ಅದು ಬೇಕಾದವರು ಬೇರೆಯಾಗಿಯೇ ಕೇಳಿ.