ಘಟ್ಟದ ಮಳೆಗೆ ನಕ್ಷೆಯ ಬಣ್ಣ

ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಗಾಳಿ ಸಹ್ಯಾದ್ರಿಗೆ ತಾಗಿ ಮೇಲೇರಿ, ತಣಿದು, ಮಳೆಯಾಗಿ ಇಳಿಯುತ್ತದೆ. ಹಾಗಾಗಿ ಉತ್ತರ ಕನ್ನಡದಲ್ಲಿ ಮಳೆಯ ಪ್ರಮಾಣ ಊರಿಂದೂರಿಗೆ ಬದಲಾಗುತ್ತದೆ. ಕಾರವಾರ, ಹೊನ್ನಾವರಗಳ ಕರಾವಳಿಯಲ್ಲಿ ವರ್ಷಕ್ಕೆ ಸಾಮಾನ್ಯವಾಗಿ 3,000 ಮಿಲಿಮೀಟರ್ ಮೀರಿ ಸುರಿಯುವ ಮಳೆ, ಘಟ್ಟ ದಾಟಿ ಮುಂಡಗೋಡದ ಕಡೆ ಹೋದಾಗ ಅದರ ಅರ್ಧಕ್ಕಿಂತಲೂ ಕಡಿಮೆಯಾಗಿರುತ್ತದೆ. ಇಂತಹ ಜಿಲ್ಲೆಯ ಮಳೆನಕ್ಷೆಯನ್ನು ಬಿಡಿಸುವ ಕೆಲಸ ಎಷ್ಟು ಸುಲಭವೋ ಅಷ್ಟೇ ಎಚ್ಚರವನ್ನೂ ಬೇಡುತ್ತದೆ.

ಸುಲಭವೆನ್ನಲು ಕಾರಣ ‘ಆರ್’ ಎಂಬ ಸಂಖ್ಯಾಶಾಸ್ತ್ರೀಯ ಪ್ರೋಗ್ರಾಮಿಂಗ್ ಭಾಷೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ 1990ರ ದಶಕದಲ್ಲಿ ರೂಪಿಸಿದ ಇದು ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಮಳೆಮಾಪನ ಕೇಂದ್ರಗಳ ಪಟ್ಟಿಯನ್ನು, ನಕ್ಷೆಯ ಮಾಹಿತಿಯನ್ನು ನಿಭಾಯಿಸುವ ಇದರ ‘ಎಸ್‌ಎಫ್’ ಪ್ಯಾಕೇಜಿಗೆ ಕೊಡುವಾಗ ರೇಖಾಂಶವನ್ನು ಮೊದಲು, ಅಕ್ಷಾಂಶವನ್ನು ನಂತರ ಹೇಳಬೇಕು. ಕಾರವಾರದ ರೇಖಾಂಶ ಸುಮಾರು 74.1, ಅಕ್ಷಾಂಶ 14.8, ಇವೆರಡು ಅದಲುಬದಲಾದರೆ ಕಾರವಾರದ ಚುಕ್ಕಿ ನಾರ್ವೆಯ ಉತ್ತರಕ್ಕಿರುವ ಹಿಮಶೀತಲ ಸಮುದ್ರದಲ್ಲಿ ಬೀಳುತ್ತದೆ. ಅದೃಷ್ಟವಶಾತ್ ಈ ತಪ್ಪು ನೋಡಿದ ಕೂಡಲೇ ಗೊತ್ತಾಗುತ್ತದೆ.

ಕಣ್ಣಿಗೆ ಬೀಳದ ತಪ್ಪು ಇರುವುದು ಕೇಂದ್ರಗಳ ನಡುವಿನ ಜಾಗಕ್ಕೆ ಬಣ್ಣ ತುಂಬುವಲ್ಲಿ. ಅಲ್ಲಿ ಯಾರೂ ಮಳೆ ಅಳೆದಿರುವುದಿಲ್ಲ. ಹತ್ತಿರದ ಕೇಂದ್ರಗಳಿಂದ ಅಂದಾಜು ಮಾಡಬೇಕು. ಸರಳ ವಿಧಾನವೊಂದರಲ್ಲಿ ಪ್ರತಿ ಕೇಂದ್ರದ ತೂಕ, ಅಂದರೆ ಅಂದಾಜಿನಲ್ಲಿ ಅದರ ಅಳತೆಗೆ ಸಿಗುವ ಪ್ರಾಮುಖ್ಯ, ದೂರದ ವರ್ಗಕ್ಕೆ ವಿಲೋಮವಾಗಿರುತ್ತದೆ. ಒಂದು ಕೇಂದ್ರ 3 ಕಿಲೋಮೀಟರ್, ಇನ್ನೊಂದು 6 ಕಿಲೋಮೀಟರ್ ದೂರದಲ್ಲಿದ್ದರೆ ತೂಕಗಳು 4:1 ಆಗುತ್ತವೆ. ಅಲ್ಲಿ ಕ್ರಮವಾಗಿ 100 ಮತ್ತು 50 ಮಿಲಿಮೀಟರ್ ಮಳೆಯಾಗಿದ್ದರೆ ನಡುವಿನ ಜಾಗಕ್ಕೆ ಸಿಗುವ ಅಂದಾಜು 90. ಬಯಲುಸೀಮೆಯಲ್ಲಿ ಇದನ್ನು ಒಪ್ಪಬಹುದೇನೋ. ಆದರೆ ಕುಮಟಾಕ್ಕೂ ಶಿರಸಿಗೂ ನಡುವೆ ದೇವಿಮನೆ ಘಟ್ಟವಿದೆ, ಮತ್ತು ಈ ಸೂತ್ರಕ್ಕೆ ಘಟ್ಟವೆಂಬುದೇ ತಿಳಿಯದು. ಎರಡು ಊರುಗಳ ಮಳೆಯ ನಡುವಿನ ಅಂಕಿಯನ್ನಷ್ಟೇ ಹೇಳಬಲ್ಲ ಅದು, ಎರಡಕ್ಕಿಂತಲೂ ಹೆಚ್ಚು ಮಳೆ ಹಿಡಿಯುವ ಇಳಿಜಾರನ್ನು ಎಂದೂ ತೋರಿಸಲಾರದು.

ಆದ್ದರಿಂದ ‘ಕ್ರಿಗಿಂಗ್’ ಎಂಬ ಅಂದಾಜು ವಿಧಾನವನ್ನು ನೆಲದ ಎತ್ತರವನ್ನೂ ಲೆಕ್ಕಕ್ಕೆ ಸೇರಿಸಿ ಬಳಸುವುದು ನಮ್ಮ ಜಿಲ್ಲೆಗೆ ಹೆಚ್ಚು ಸೂಕ್ತವೆಂಬುದು ನನ್ನ ಅಭಿಪ್ರಾಯ. ದಕ್ಷಿಣ ಆಫ್ರಿಕಾದ ಗಣಿ ಎಂಜಿನಿಯರ್ ಡ್ಯಾನಿ ಕ್ರಿಗ್ ಅವರ ಹೆಸರು ಹೊತ್ತ ಈ ವಿಧಾನವು ಅಂದಾಜಿನ ಜೊತೆಗೆ ಅದರ ಅನಿಶ್ಚಿತತೆಯನ್ನೂ ಕೊಡುತ್ತದೆ. ಒಂದೊಂದೇ ಕೇಂದ್ರವನ್ನು ಬಿಟ್ಟು, ಉಳಿದವುಗಳಿಂದ ಅದರ ಮಳೆಯನ್ನು ಅಂದಾಜಿಸಿ, ನಿಜವಾದ ಅಳತೆಯೊಡನೆ ಹೋಲಿಸಿದರೆ ಯಾವ ವಿಧಾನ ಮೇಲೆಂಬುದು ಗೊತ್ತಾಗುತ್ತದೆ. ಅಡಿಕೆ ತೋಟದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನವನ್ನು ನಿರ್ಧರಿಸುವ ಕೃಷಿಕರು ಇಂಥ ನಕ್ಷೆಯನ್ನು ನೋಡುವಾಗ, ಅಳತೆ ನಡೆದ ಕೇಂದ್ರಗಳ ಚುಕ್ಕಿಗಳು ಬಣ್ಣದ ಮೇಲೆಯೇ ಕಾಣಬೇಕು, ಅನಿಶ್ಚಿತತೆಯ ನಕ್ಷೆಯೂ ಪಕ್ಕದಲ್ಲಿಯೇ ಇರಬೇಕು.